ರಾಜೇಸಾಬ್ ಮಾಮಾನ ತಲಬು

ರಾಜೇಸಾಬ್ ಮಾಮಾನ ಮೂರು ಗಾಲಿಯ ಟಂಟಂಗೆ ಹಾರ್ನ್ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ, ನಮ್ಮೂರು ಚಚಡಿಗೆ ಗಾಡಿ ಬರುವ ಮೊದಲೇ ಅದರ ಹಾಡು ಬರುತ್ತಿತ್ತು. ಒಂದೇ ಹಾಡು, ಹಿಂದಿಯದು. ಹಾಡುವವನು ಮಾತುಮಾತಿಗೆ ‘ತಲಬ್, ತಲಬ್’ ಎಂದು ಗೋಳಾಡುತ್ತಿದ್ದ. ಬೈಲಹೊಂಗಲದ ಶಾಲೆಗೆ ಪಾಠ ಮಾಡಲು ಹೋಗುವ ನಾನು, ಕೊತ್ತಂಬರಿ ಮಾರಲು ಹೋಗುವ ಮುದುಕಿ ಗಂಗವ್ವ, ಎಲ್ಲರೂ ಊರು ಮುಟ್ಟುವವರೆಗೆ ಅದನ್ನೇ ಕೇಳಬೇಕು. ಬೇರೆ ಹಾಡು ಹಾಕಿ ಎಂದರೆ ಮಾಮಾ, “ಡ್ರೈವರನ್ನ ಬ್ಯಾರೆ ಹುಡುಕ್ಕೋರಿ ಟೀಚರ್ರ” ಎನ್ನುತ್ತಿದ್ದ.

ಅವನ ಹೆಂಡತಿ ಜೈತುನಬಿ ಮುನಿಸಿಕೊಂಡು ರಾಮದುರ್ಗದ ತವರಿಗೆ ಹೋಗಿದ್ದಳು. “ಬಾಯಾಗಿನ ತಂಬಾಕ ಬಿಟ್ಟ ಮ್ಯಾಲೆ ಬರತೇನಿ” ಎಂದಿದ್ದಳಂತೆ. ಮಾಮಾ ಅವತ್ತೇ ತಂಬಾಕು ಬಿಟ್ಟ. ಆದರೆ ಕರೆಯಲು ಹೋಗಲಿಲ್ಲ. “ಬಿಟ್ಟೇನಿ ಅಂತ ಹೇಳಿ ಕಳಿಸೇನ್ರಿ. ನಂಬಿದ್ರ ತಾನs ಬರ್ತಾಳ” ಎಂದು ತಂಬಾಕಿನ ಬದಲು ಬಡೇಸೋಪು ಜಗಿಯುತ್ತ ಹಾಡಿನ ಧ್ವನಿ ಏರಿಸುತ್ತಿದ್ದ. ಬಿಂಕಕ್ಕೇನೂ ಕಡಿಮೆ ಇರಲಿಲ್ಲ.

ಒಂದು ದಿನ ಗಂಗವ್ವನಿಗೆ ತಡೆಯಲಾಗಲಿಲ್ಲ. “ಏ ರಾಜಾ, ಏನಂತ ಅಳತಾನೋ ಅಂವಾ?”

“ತಲಬು ಆಗೇತಂತ ಆಯಿ ಅವಗ.”

ಹಾಡಿನವನಿಗೆ ಪ್ರೇಯಸಿಯ ತಲಬು, ಆದರೆ ನಮ್ಮ ಕಡೆ ಅದು ಆಗುವುದು ಚಹಾಕ್ಕೆ, ಇಲ್ಲವೇ ತಂಬಾಕಿಗೆ. ಗಂಗವ್ವ ಕರಗಿಹೋದಳು. “ಅಯ್ಯ, ಯಾರರ ಒಂದ ಚಿಟಿಕಿ ಕೊಡಬಾರದೇನ!” ಎನ್ನುತ್ತಲೇ ಸೊಂಟದ ಸಂಚಿ ಬಿಚ್ಚಿ, ಸುಣ್ಣ ಹಚ್ಚಿ ತಿಕ್ಕಿ, ಮುಂದಕ್ಕೆ ಕೈ ಚಾಚಿದಳು. “ಅವಗಂತೂ ಮುಟ್ಟೂದಿಲ್ಲ. ನೀನರ ಹಾಕ್ಕೋ, ನಿನ್ನ ಮಾರಿ ನೋಡಾಕ ಆಗವಲ್ದು.”

ಟಂಟಂ ನಿಂತಿತು. ಮಾಮಾನ ಕೈ ಹಳೆಯ ರೂಢಿಯಿಂದ ತಾನೇ ಹಿಂದೆ ಬಂತು. ಚಿಟಿಕೆಯನ್ನು ಮೂಗಿನ ಹತ್ತಿರ ಹಿಡಿದ. ಮುಗಿಯಿತು ಜೈತುನಬಿಯ ಕಥೆ ಎಂದುಕೊಂಡೆ, ನಿಜವಾಗಿ ಹೆದರಿದ್ದೆ. ಅವನು ಅದನ್ನು ತಿರುಗಿ ಮುದುಕಿಯ ಅಂಗೈಗೆ ಹಾಕಿದ.

“ಬ್ಯಾಡ ಆಯಿ. ಈ ತಲಬು ತಂಬಾಕಿಗೆ ಹೋಗೂದಲ್ಲ.”

“ಮತ್ತ ಎದಕ್ಕ ಹೋಗ್ತೈತಿ?”

“ರಾಮದುರ್ಗಕ್ಕ ಹೋದ್ರ ಹೋಗ್ತೈತಿ.”

“ಹೋಗಲಾ ಮೂಳಾ! ಗಾಡಿ ನಿಂದs ಐತಿ, ಯಾರ ಹಿಡದಾರ ನಿನ್ನ?”

ಮರುದಿನ ಹಾಡೂ ಬರಲಿಲ್ಲ, ಗಾಡಿಯೂ ಬರಲಿಲ್ಲ. ಶಾಲೆಗೆ ತಡವಾಗಿ ಹೋಗಿ ಬೈಸಿಕೊಂಡೆ. ಆದರೂ ದಿನವಿಡೀ ಖುಷಿಯಾಗಿದ್ದೆ.

ಮುಂದೆ ಕೆಲವು ತಿಂಗಳಿಗೆ ನನಗೆ ಕಿತ್ತೂರಿಗೆ ವರ್ಗವಾಯಿತು. ಕೊನೆಯ ಸಲ ಆ ಟಂಟಂ ಹತ್ತಿದಾಗ ಮುಂದಿನ ಸೀಟಿನಲ್ಲಿ ಜೈತುನಬಿ ಕೂತಿದ್ದಳು. ಹಾಡು ಇರಲಿಲ್ಲ. ಇನ್ನು ಇದೆಲ್ಲ ಸಿಗುವುದಿಲ್ಲವಲ್ಲ ಎಂದು ನನಗೆ ಸಂಕಟ. “ಮಾಮಾ, ಇವತ್ತೊಂದ ಸಲ ಹಚ್ಚ್ರಿ” ಎಂದೆ.

ಹಚ್ಚಿದ. ಜೈತುನಬಿಯ ಮನೆಮಾತೇ ಉರ್ದು, ಹಿಂದಿ ಹಾಡು ತಿಳಿಯದ್ದೇನಲ್ಲ. ಆದರೂ ಗಂಡನ ಕಡೆ ತಿರುಗಿ, “ಏನಂತಾನರಿ ಅಂವಾ?” ಎಂದು ಕೇಳಿದಳು.

ಮಾಮಾನ ಕಿವಿ ಕೆಂಪಾದವು. ರಸ್ತೆಯಿಂದ ಕಣ್ಣು ತೆಗೆಯದೆ, “ತಂಬಾಕದ ಹಾಡ ಅದು” ಎಂದ.

ಹಿಂದೆ ಗಂಗವ್ವ ಕೊತ್ತಂಬರಿ ಗಂಟಿನ ಮೇಲೆ ಬಿದ್ದು ನಕ್ಕಳು.

“ಹಂಗಾರ ಬಂದ್ ಮಾಡ್ರಿ” ಎಂದು ಜೈತುನಬಿ ಸೆರಗು ಬಾಯಿಗೆ ಹಿಡಿದಳು.

ಬಂದ್ ಮಾಡಿದ. ಬೈಲಹೊಂಗಲದಲ್ಲಿ ನಾನು ಇಳಿಯುವವರೆಗೂ ಮಾಮಾ ತುಟಿ ಬಿಚ್ಚದೆ ಅದನ್ನೇ ಗುನುಗುತ್ತಿದ್ದ. ಅದನ್ನು ಬಂದ್ ಮಾಡೆಂದು ಅವಳು ಹೇಳಲಿಲ್ಲ.