ಕಾದು ಕೂತಿದ್ದ ಮೂರು ಸಂದೇಶಗಳು

ಕೊಡಿಗೇಹಳ್ಳಿಯ ನಮ್ಮ ವಠಾರದಲ್ಲಿ ಮೋಟರ್ ಹಾಕುವ ಮುಂಚೆ ಮೂರು ಸಲ ಕೂಗುವುದು ಅತ್ತೆಯವರ ಕಾಲದಿಂದ ಬಂದ ಪದ್ಧತಿ. "ನೀರ್ ಬಿಡ್ತೀವೀ!" ಮೊದಲನೇ ಕೂಗಿಗೆ ಬಿಂದಿಗೆ ತೊಳೆದುಕೊಳ್ಳಬೇಕು, ಎರಡನೆಯದಕ್ಕೆ ನಲ್ಲಿಯ ಕೆಳಗೆ ತಂದಿಡಬೇಕು, ಮೂರನೆಯದಕ್ಕೂ ಬಾರದವರು ಆಮೇಲೆ ಗೊಣಗುವ ಹಾಗಿಲ್ಲ. ಈಗ ನೀರು ಸಂಪಿನಿಂದ ನೇರ ಮೇಲಿನ ಟ್ಯಾಂಕಿಗೆ ಏರುತ್ತದೆ, ಬಿಂದಿಗೆ ಇಡುವವರಿಲ್ಲ. ಆದರೂ ಮೂರು ಸಲ ಆಗದೆ ನನಗೆ ಸಮಾಧಾನವಿಲ್ಲ.

ಮೊಣಕಾಲು ನೋವು ಶುರುವಾದ ಮೇಲೆ, ಮಹಡಿ ಹತ್ತಿ ಇಳಿಯುವುದು ತಪ್ಪಲಿ ಎಂದು ಮೋಟರಿಗೆ ಸಿಮ್ ಇರುವ ಒಂದು ಬಾಕ್ಸ್ ಹಾಕಿಸಿದೆವು. ಮೊಬೈಲಿನಲ್ಲಿ ಅದರ ವೆಬ್ ಪುಟ ತೆರೆದರೆ, ನಾವು ಬಾಕ್ಸಿಗೆ ಕಳಿಸಿದ ಸಂದೇಶಗಳು ಮೇಲೆ, ಬಾಕ್ಸು ನಮಗೆ ಕಳಿಸಿದ್ದು ಕೆಳಗೆ. 'ಆನ್' ಒತ್ತಿದರೆ, ಸ್ವಲ್ಪ ಹೊತ್ತಿಗೆಲ್ಲ ಮೋಟರ್ ಓಡುತ್ತಿದೆ ಎಂದು ಕೆಳಗೆ ಉತ್ತರ ಬರುತ್ತದೆ. ಗೋಡೆಯ ಮೇಲಿನ ಹಳೆಯ ಸ್ವಿಚ್ಚನ್ನು ಯಾರೂ ಕೀಳಲಿಲ್ಲ. ಅದಕ್ಕೂ ಮೋಟರಿಗೂ ಸಂಬಂಧ ಮಾತ್ರ ತಪ್ಪಿಹೋಗಿತ್ತು.

ಮೊನ್ನೆ ಒಂದು ಬೆಳಗ್ಗೆ ನಾನೂ ಯಜಮಾನರೂ ಈರುಳ್ಳಿ ತರಲು ಯಶವಂತಪುರದ ಮಂಡಿಗೆ ಹೋಗಿದ್ದೆವು. ಮನೆ ಸೇರುವಷ್ಟರಲ್ಲಿ ಟ್ಯಾಂಕ್ ತುಂಬಿರಲಿ ಎಂದು ಅಲ್ಲಿಂದಲೇ 'ಆನ್' ಒತ್ತಿದೆ. ಉತ್ತರವಿಲ್ಲ. ಇನ್ನೊಮ್ಮೆ ಒತ್ತಿದೆ. ಮೂರನೆಯದನ್ನೂ ಒತ್ತಿ, ಕೂಗಿ ಮುಗಿಸಿದವಳ ಹಾಗೆ ಕೈ ಬಿಟ್ಟು, ಕೆಳಮನೆಯ ಭಾಯ್‌ಗೆ ಫೋನ್ ಮಾಡಿದೆ. ನಮ್ಮ ಬಾಡಿಗೆಯವರು, ಹೊಲಿಗೆ ಮೆಷಿನ್ ರಿಪೇರಿ ಅವರ ಕಸುಬು. ವಠಾರದಲ್ಲಿ ಏನು ಕೆಟ್ಟರೂ ಅವರನ್ನೇ ಕರೆಯುವುದು.

"ಕರೆಂಟೇ ಇಲ್ಲ ಅಕ್ಕಾ. ಒಳ್ಳೇದೇ ಆಯ್ತು ಬಿಡಿ. ಮೋಟರು ನಿನ್ನೆಯಿಂದ ಕಿರ್ರ್ ಅಂತಿದೆ, ಹಿಂದಿನ ಮುಚ್ಚಳ ಬಿಚ್ಚಿ ಒಳಗಿನ ಫ್ಯಾನ್ ಕೈಲಿ ತಿರುಗ್ಸಿ ನೋಡ್ತೀನಿ. ಗೋಡೆ ಸ್ವಿಚ್ಚೂ ಆಫ್ ಮಾಡಿದೀನಿ."

ಫೋನ್ ಇಟ್ಟ ಮೇಲೆ ಪುಟವನ್ನು ಮತ್ತೆ ನೋಡಿದೆ. ನನ್ನ ಮೂರು 'ಆನ್'ಗಳೂ ಒಂದರ ಕೆಳಗೊಂದು ಸಾಲಾಗಿ ಕೂತಿದ್ದವು. ಅವುಗಳ ಅಡಿಯಲ್ಲಿ ಸಣ್ಣಕ್ಷರ: ಸಾಧನ ಸಂಪರ್ಕಕ್ಕೆ ಬಂದ ಕೂಡಲೇ ತಲುಪಿಸಲಾಗುವುದು. ನನ್ನ ಕೂಗು ಗಾಳಿಯಲ್ಲಿ ಹೋಗಿರಲಿಲ್ಲ. ಕರೆಂಟು ಬಂದ ತಕ್ಷಣ ಬಾಕ್ಸು ಎಚ್ಚರವಾಗಿ ಅವನ್ನು ಎತ್ತಿಕೊಳ್ಳುತ್ತದೆ, ಮೋಟರು ತಿರುಗುತ್ತದೆ. ಫ್ಯಾನಿನೊಳಗೆ ಭಾಯ್ ಕೈ. ಗೋಡೆಯ ಸ್ವಿಚ್ಚು ದಂಡ, ಅದು ಅವರಿಗೆ ಗೊತ್ತಿಲ್ಲ.

ಮತ್ತೆ ಫೋನ್ ಮಾಡಿದೆ, ರಿಂಗಾಯಿತು, ಎತ್ತಲಿಲ್ಲ. ಗ್ರೀಸ್ ಮೆತ್ತುತ್ತದೆಂದು ಕೆಲಸಕ್ಕೆ ಕೂರುವ ಮುಂಚೆ ಫೋನನ್ನು ಮನೆಯೊಳಗೆ ಇಟ್ಟು ಬರುವವರು ಅವರು. ಹೆಂಡತಿ ಆರ್‌.ಟಿ. ನಗರದ ತವರಿಗೆ ಹೋಗಿದ್ದಳು. ಉಳಿದ ಮನೆಗಳಿಗೆ ಆ ಹೊತ್ತಿನಲ್ಲಿ ಬೀಗ.

"ಏನೇ, ಈ ಈರುಳ್ಳಿಲಿ ಅರ್ಧ ಕೊಳೆತೇ ಹೋಗಿದೆ ನೋಡೇ," ಎಂದರು ಯಜಮಾನರು.

"ರೀ, ಸ್ವಲ್ಪ ಸುಮ್ನಿರ್ತೀರಾ?"

"ದುಡ್ಡು ಕೊಟ್ಟು ಕೊಳೆತಿದ್ದು ತಗೊಳಕ್ಕಾಗತ್ತಾ?"

"ಭಾಯ್ ಕೈ ಹೋಗತ್ತೆ ರೀ!"

ಅವರು ಹಿಡಿದಿದ್ದ ಈರುಳ್ಳಿ ಹಾಗೇ ಕೆಳಗೆ ಬಿತ್ತು.

'ಆಫ್' ಕಳಿಸೋಣವೆಂದರೆ ಅದೂ ಸಾಲಿನ ಕೊನೆಗೇ ಹೋಗಿ ನಿಲ್ಲುತ್ತದೆ. ಕಳಿಸಿದ್ದನ್ನು ವಾಪಸ್ ತೆಗೆದುಕೊಳ್ಳುವುದೊಂದೇ ದಾರಿ, ಅದನ್ನು ನಾನು ಯಾವತ್ತೂ ಮಾಡಿದವಳಲ್ಲ. ಪ್ರತಿ ಸಂದೇಶದ ಪಕ್ಕದಲ್ಲಿ ಮೂರು ಚುಕ್ಕಿಗಳಿದ್ದವು. ಒತ್ತಿದೆ. ಹಿಂತೆಗೆದುಕೊಳ್ಳಬೇಕೇ ಎಂದಿತು. ಹೂಂ. ಖಂಡಿತವೇ ಎಂದಿತು. ಬಾಯಿಬಿಟ್ಟೇ ಬೈದೆ. ಒಂದು ಹೋಯಿತು. ಎರಡನೆಯದಕ್ಕೂ ಅದೇ ಉಪಚಾರ. ಬೆವರಿದ ಹೆಬ್ಬೆರಳು ಜಾರುತ್ತಿತ್ತು. ಸೆರಗಿಗೆ ಒರೆಸಿಕೊಂಡು ಮೂರನೆಯದನ್ನೂ ತೆಗೆದೆ. ಮೇಲ್ಭಾಗ ಖಾಲಿಯಾಯಿತು.

ಇನ್ನೂ ಅದನ್ನೇ ನೋಡುತ್ತಿದ್ದೆ, ಕೆಳಗೆ ಬಾಕ್ಸಿನ ಸಂದೇಶ ಬಂತು: ಸಂಪರ್ಕ ಸಿಕ್ಕಿದೆ. ಮೋಟರ್ ನಿಂತಿದೆ.

ಕರೆಂಟು ಬಂದಿತ್ತು. ಮೋಟರು ನಿಂತೇ ಇತ್ತು. ಹತ್ತಿರದ ಮೂಟೆಯ ಮೇಲೆ ಕೂತುಬಿಟ್ಟೆ.

"ಅಮ್ಮಾ, ಅದು ಬೇರೆಯವ್ರ್ ಮೂಟೆ," ಎಂದ ಅಂಗಡಿಯವನು.

"ಇರ್ಲಿ ಬಿಡಪ್ಪಾ, ಒಂದ್ನಿಮಿಷ," ಎಂದರು ಯಜಮಾನರು. ಕೊಳೆತದ್ದನ್ನು ಆರಿಸದೆಯೇ ಅಷ್ಟೂ ಈರುಳ್ಳಿ ಕೊಂಡರು.

ನಾವು ಬರುವ ಹೊತ್ತಿಗೆ ಭಾಯ್ ಮುಚ್ಚಳ ಹಾಕಿ ಗೇಟಿನ ಹತ್ತಿರ ಕೂತಿದ್ದರು. ನಾನು ಈರುಳ್ಳಿ ಚೀಲ ಬಿಚ್ಚುವ ಮೊದಲೇ ಟೀ ಮಾಡಿ ತಂದುಕೊಟ್ಟೆ. ಲೋಟ ಹಿಡಿದ ಕರಿ ಬೆರಳುಗಳನ್ನೇ ನೋಡುತ್ತ ನಿಂತೆ.

"ಏನಕ್ಕಾ, ಕೈ ನೋಡಿ ಭವಿಷ್ಯ ಹೇಳ್ತೀರಾ?"

"ಚೆನ್ನಾಗಿದೆ ಭಾಯ್. ಎಲ್ಲಾ ಬೆರಳೂ ಇದೆ."

ನಡೆದದ್ದನ್ನು ಹೇಳಿದೆ. ಅವರ ಲೋಟ ಬಾಯಿಯ ಹತ್ತಿರವೇ ನಿಂತಿತು. ಗೋಡೆಯ ಸ್ವಿಚ್ಚನ್ನು ನೋಡಿದರು, ತಮ್ಮ ಕೈ ನೋಡಿಕೊಂಡರು, ಆಮೇಲೆ ನಕ್ಕುಬಿಟ್ಟರು. "ಮೂರ್ ಸಲ ಕೂಗಿದ್ರಾ? ನಂಗ್ ಒಂದೂ ಕೇಳಿಸ್ಲಿಲ್ವಲ್ಲ ಅಕ್ಕಾ!"

ಟೀ ಮುಗಿಸಿ ಮೊದಲು ಆ ಸ್ವಿಚ್ಚನ್ನು ಗೋಡೆಯಿಂದ ಬಿಚ್ಚಿ ಕೆಳಗಿಟ್ಟರು. "ಈಗ ಹಾಕಿ," ಎಂದರು.

ನಾನು ಅಂಗಳದಲ್ಲಿ ನಿಂತು ಮೂರು ಸಲ ಕೂಗಿದೆ, ಒಂದೇ ಸಲ ಒತ್ತಿದೆ. ಮೋಟರು ಕಿರ್ ಎನ್ನದೆ ಓಡಿತು. ಭಾಯ್ ದೂರದಲ್ಲಿ, ಎರಡೂ ಕೈ ಮೇಲೆತ್ತಿ ನನಗೆ ತೋರಿಸುತ್ತ ನಿಂತಿದ್ದರು.