ಕಾಣದ ಎಣ್ಣೆಯ ಜಾಡು

ನನ್ನ ಹದಿನಾರು ವರ್ಷದ ಮಗಳು ಸಿಂಧು, ಎಸೆಯಲೆಂದು ಚೆಂಡನ್ನು ಎತ್ತಿದವಳು ತಡೆದು, ನೆಲದ ಎರಡು ಹಲಗೆಯಷ್ಟು ಎಡಕ್ಕೆ ಸರಿದು ನಿಂತಳು. ಚೆನ್ನೈನ ಟೆನ್‌ಪಿನ್ ಬೌಲಿಂಗ್ ಕೇಂದ್ರವೊಂದರಲ್ಲಿ ಅಂದು ಅಭ್ಯಾಸ ನಡೆದಿತ್ತು. ಹಿರಿಯರೆದುರು ಸೋತು ಎದೆಗುಂದಿಯಾಳೆಂಬ ಭಯದಿಂದ, ಮುಂದಿನ ಪಂದ್ಯಾವಳಿಗೂ ಆಕೆಯನ್ನು ಕಿರಿಯರ ವಿಭಾಗದಲ್ಲಿಯೇ ಉಳಿಸುವಂತೆ ನಾನು ಅರ್ಜಿ ಭರ್ತಿ ಮಾಡಿದ್ದೆನೆಂದು ಈ ಮೂಲಕ ನಿವೇದಿಸುತ್ತೇನೆ.

ಚೆಂಡು ಬಾಗಿ ಸಾಗಿ ಹತ್ತೂ ಪಿನ್ನುಗಳನ್ನು ಉರುಳಿಸಿತು. ಅದೇ ಲೇನಿನಲ್ಲಿ ಆಡುತ್ತಿದ್ದ ಮಹಿಳಾ ವಿಭಾಗದ ಅನುಭವಿ ಆಟಗಾರ್ತಿ ಶ್ರೀಮತಿ ರಂಗನಾಯಕಿಯವರು ಹತ್ತಿರ ಬಂದರು.

“ಯಾಕಮ್ಮಾ ಸರಿದೆ?”

“ಅಲ್ಲಿ ಎಣ್ಣೆ ಪೋಚ್ಚು, ಹೋಗ್ಬಿಟ್ಟಿದೆ ಆಂಟಿ. ನಿಮ್ಮ ಬಾಲ್ ಬೇಗ ತಿರುಗ್ತಾ ಇತ್ತಲ್ಲ, ನೋಡ್ದೆ.”

ಲೇನಿಗೆ ಸವರುವ ತೆಳುವಾದ ಎಣ್ಣೆಯು ಕಣ್ಣಿಗೆ ಕಾಣುವುದಿಲ್ಲ, ಆಡಿದಂತೆಲ್ಲ ಅಳಿಯುತ್ತದೆ; ಅಳಿದಲ್ಲಿ ಚೆಂಡು ಬೇಗ ತಿರುಗುತ್ತದೆ. ಅದನ್ನು ಈ ಹುಡುಗಿ ಪರರ ಚೆಂಡಿನ ಓಟದಲ್ಲಿ ಕಂಡಿದ್ದಳು! ರಂಗನಾಯಕಿಯವರು ನನ್ನ ಕೈಯಲ್ಲಿದ್ದ ಅರ್ಜಿಯನ್ನು ನೋಡಿ ನನ್ನತ್ತ ತಿರುಗಿದರು.

“ಏನ್ ಸಾರ್, ಇನ್ನೂ ಮಕ್ಕಳ ಜೊತೆನೇ ಬಿಟ್ರೆ, ಇವಳು ಯಾರ ಬಾಲ್ ನೋಡಿ ಕಲೀಬೇಕು?”

ಮಹಿಳಾ ವಿಭಾಗವೆಂದು ತಿದ್ದಿ ಅರ್ಜಿಯನ್ನು ಸಲ್ಲಿಸಿರುತ್ತೇನೆ. ಗೆಲುವು ಸೋಲುಗಳ ಬಗ್ಗೆ ಏನನ್ನೂ ಹೇಳಲಾರೆ. ಆರು ವರ್ಷಗಳ ಕಾಲ ಆಕೆಯ ಹಿಂದೆ ಕುಳಿತು ನಾನು ನೋಡಿದ್ದು ಉರುಳಿದ ಪಿನ್ನುಗಳನ್ನು ಮಾತ್ರ; ಮಗಳು ಏನನ್ನು ನೋಡುತ್ತಿದ್ದಳೆಂಬುದು ನನಗೆ ಅಂದೇ ತಿಳಿಯಿತು.