ಮೇಜಿನ ಹಿಂದೆ ಹತ್ತು ಶುಕ್ರವಾರ

ಅಕ್ಟೋಬರ್ 3, ಶುಕ್ರವಾರ, ಸಂಜೆ 4 ಗಂಟೆ 40 ನಿಮಿಷ. ನನ್ನನ್ನು ಮೈದಾನದಿಂದ ಹೊರಗೆ ಕಳುಹಿಸಿದ ಹೊತ್ತು ಇದು. ಆಟ ಶುರುವಾಗಲು ಐದು ನಿಮಿಷ ಬಾಕಿ ಇತ್ತು. ಬೂಟಿನ ಲೇಸು ಬಿಗಿದು, ಸೊಂಟದ ಪಟ್ಟಿ ಕಟ್ಟಿ, ನೀರು ಕುಡಿದು ಬಂದು ನಿಂತಿದ್ದೆ.

ನಾವು ಆಡುವುದು ಅಮೆರಿಕನ್ ಫುಟ್‌ಬಾಲ್‌ನ ಮೆದು ರೂಪ. ಚೆಂಡು ಅದೇ, ಎರಡೂ ತುದಿ ಚೂಪಾದದ್ದು. ಆದರೆ ಯಾರನ್ನೂ ಕೆಡವುವಂತಿಲ್ಲ. ಎಲ್ಲರ ಸೊಂಟದಲ್ಲೂ ಎರಡು ಬಟ್ಟೆಯ ಪಟ್ಟಿ ನೇತಾಡುತ್ತಿರುತ್ತವೆ. ಚೆಂಡು ಹಿಡಿದು ಓಡುವವನ ಪಟ್ಟಿ ಕಿತ್ತರೆ ಅವನ ಓಟ ಅಲ್ಲಿಗೆ ನಿಂತಿತು. ಪಟ್ಟಿ ಉಳಿಸಿಕೊಂಡು ಕೊನೆಯ ಗೆರೆ ದಾಟಿದರೆ ಆರು ಅಂಕ, ಅದರ ಬೆನ್ನಿಗೇ ಹೆಚ್ಚುವರಿ ಒಂದೋ ಎರಡೋ ಅಂಕಕ್ಕೆ ಇನ್ನೊಂದು ಯತ್ನ. ಚೆಂಡು ಎಸೆದು ಆಟ ನಡೆಸುವವನು ಕ್ವಾರ್ಟರ್‌ಬ್ಯಾಕ್. ಕುವೈತಿನ ಐದು ಸಣ್ಣ ಕಾಲೇಜುಗಳು ಸೇರಿ ಇದಕ್ಕೊಂದು ಕಾನ್ಫರೆನ್ಸ್ ಎಂಬ ಲೀಗ್ ಕೂಟ ಮಾಡಿಕೊಂಡಿವೆ. ಪ್ರತಿ ತಂಡವೂ ಉಳಿದ ನಾಲ್ಕರ ಜೊತೆ ಎರಡೆರಡು ಸಲ ಆಡಬೇಕು. ಹತ್ತು ಶುಕ್ರವಾರಗಳಲ್ಲಿ ಒಟ್ಟು ಇಪ್ಪತ್ತು ಆಟ, ಹನ್ನೊಂದನೆಯ ಶುಕ್ರವಾರ ಮೊದಲೆರಡು ತಂಡಗಳ ನಡುವೆ ಫೈನಲ್.

ಎರಡು ವರ್ಷ ನಾನು ಬದಲಿ ಆಟಗಾರನಾಗಿ ಬೆಂಚಿನಲ್ಲಿ ಕುಳಿತಿದ್ದೆ. ಈ ಸಲ ಮೊದಲ ಏಳರಲ್ಲಿ ನನ್ನ ಹೆಸರಿತ್ತು. ಬೇಸಿಗೆಯಲ್ಲಿ ಅರವತ್ತೆರಡು ದಿನ ಬೆಳಗ್ಗೆ ಐದಕ್ಕೆ ಎದ್ದು ಓಡಿದ್ದೆ. ದಿನವೂ ಬರೆದಿಟ್ಟಿದ್ದರಿಂದ ಹೇಳುತ್ತಿದ್ದೇನೆ.

ರೆಫರಿಯ ಕೈಯಲ್ಲಿ ಮಡಚಿದ ಚೀಟಿಯಿತ್ತು. ಎದುರು ತಂಡದ ಕಡೆಯಿಂದ ದೂರು ಬಂದಿದೆ, ನಿನ್ನ ಇಕಾಮಾ ತೋರಿಸು ಎಂದರು. ಇಕಾಮಾ ಎಂದರೆ ಇಲ್ಲಿರಲು ಸರ್ಕಾರ ಕೊಡುವ ಅನುಮತಿ. ಅದರ ಅವಧಿ ಮುಗಿದಿದ್ದರೆ ಆಟಗಾರರ ಪಟ್ಟಿಯಲ್ಲಿ ಹೆಸರು ಇರುವಂತಿಲ್ಲ. ಅಪ್ಪ ಸುಲೈಬಿಯಾದ ಒಂದು ಗೋದಾಮಿನ ಕಚೇರಿಯಲ್ಲಿದ್ದಾರೆ. ಅವರ ಕಫೀಲ್‌ನ, ಎಂದರೆ ವೀಸಾ ಕೊಡಿಸಿದ ಮಾಲೀಕನ, ಕಾಗದಪತ್ರ ಎಲ್ಲೋ ತಡವಾಗಿ, ಅದರ ಹಿಂದೆ ನನ್ನದೂ ತಡವಾಗಿತ್ತು. ಅವಧಿ ಮುಗಿದು ಹನ್ನೊಂದು ದಿನ. ಅಕ್ಟೋಬರ್ 14ಕ್ಕೆ ಹೊಸದು ಬಂತು. ಆದರೆ ಮೊದಲ ಆಟದ ಸೀಟಿ ಊದಿದ ಕೂಡಲೇ ಹೆಸರುಗಳ ಪಟ್ಟಿ ಮುಚ್ಚುತ್ತದೆ, ಆಮೇಲೆ ಇಡೀ ಋತುವಿಗೆ ಯಾರನ್ನೂ ಸೇರಿಸುವುದಿಲ್ಲ.

ಎದುರು ತಂಡದ ಕ್ವಾರ್ಟರ್‌ಬ್ಯಾಕ್ ರೆಫರಿಯ ಹಿಂದೆ ನಿಂತಿದ್ದ. ಅವನು ನಮ್ಮ ಊರಿನ ಕಡೆಯವನೇ. ಅವರ ಮನೆಯಲ್ಲಿ ಕೊಂಕಣಿ, ನಮ್ಮಲ್ಲಿ ತುಳು, ಹಾಗಾಗಿ ನಮ್ಮಿಬ್ಬರ ನಡುವೆ ಕನ್ನಡ. ಅವನ ಅಮ್ಮ, ನನ್ನ ಅಮ್ಮ ಇಬ್ಬರೂ ಜಾಬ್ರಿಯಾದ ಒಂದೇ ಕ್ಲಿನಿಕ್‌ನಲ್ಲಿ ನರ್ಸ್. ಇಕಾಮಾ ತಡವಾದ ಚಿಂತೆಯನ್ನು ಅಮ್ಮ ಹೇಳಿಕೊಂಡದ್ದು ಅವನ ಅಮ್ಮನ ಹತ್ತಿರ ಮಾತ್ರ. ಅವನು ನನ್ನ ಭುಜ ತಟ್ಟಿ ಹೇಳಿದ:

"ಬೇಜಾರು ಮಾಡ್ಬೇಡ ಮಾರಾಯ. ರೂಲ್ ಅಂದ್ರೆ ರೂಲ್ ಅಲ್ವಾ?"

ಅಂದು ನಮ್ಮ ತಂಡ 13–20ರಿಂದ ಸೋತಿತು. ನಾನು ಬೇಲಿಯ ಹೊರಗೆ ನಿಂತು ಅವನು ಎಸೆದ ಚೆಂಡುಗಳನ್ನು ಎಣಿಸಿದೆ. ಇಪ್ಪತ್ತೆಂಟು ಎಸೆತ, ಹದಿನೇಳು ಸರಿಯಾದ ಕೈಗೆ. ಎಲ್ಲವೂ ಬಲಗೈಯಿಂದ. ರೂಲಿನ ಪ್ರಕಾರವೇ ಅವನನ್ನೂ ಬೇಲಿಯ ಹೊರಗೆ ನಿಲ್ಲಿಸಬೇಕು, ಅದೂ ಅವನಿಗೆ ಎಲ್ಲಕ್ಕಿಂತ ಬೇಕಾದ ದಿನ. ಅಂದು ರಾತ್ರಿ ದಿನಚರಿಯ ಕೊನೆಯ ಸಾಲಾಗಿ ಇದನ್ನೇ ಬರೆದೆ.

ಮಾರನೆಯ ವಾರ ಲೆಕ್ಕದ ಮೇಜಿಗೆ ಜನ ಬೇಕೆಂದು ಕಾನ್ಫರೆನ್ಸಿನ ಸಂಚಾಲಕರು ಕೇಳಿದರು. ಆಟಗಾರರ ಕಾರ್ಡು ನೋಡಿ ಸಹಿ ಹಾಕಿಸಿಕೊಳ್ಳುವುದು, ಅಂಕ ಬರೆಯುವುದು, ಕೊನೆಯಲ್ಲಿ ಹಾಳೆಗೆ ತನ್ನ ಸಹಿ ಹಾಕುವುದು, ಇಷ್ಟೇ ಕೆಲಸ. ಯಾರಿಗೂ ಬೇಡದ ಕೆಲಸ. ನಾನು ಕೈ ಎತ್ತಿದೆ. ಅಕ್ಟೋಬರ್ 10ರಿಂದ ಆ ಮೇಜು ನನ್ನದಾಯಿತು.

ನಮ್ಮ ತಂಡದಲ್ಲಿ ವಿಜಯಪುರದ ಕಡೆಯ ಒಬ್ಬ ಗೆಳೆಯನಿದ್ದಾನೆ. ಅವನ ಅಪ್ಪ ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಟೆಕ್ನಿಷಿಯನ್. ಅವನು ಓಡಿದರೆ ಪಟ್ಟಿಗೆ ಕೈ ಹಾಕುವುದು ಕಷ್ಟ. ಮೇಜಿನ ಮುಂದೆ ಹಾಯುವಾಗಲೆಲ್ಲ ನನ್ನನ್ನು ಕೆಣಕುತ್ತಿದ್ದ.

"ಏನ್ರೀ ತಹಶೀಲ್ದಾರ್ ಸಾಹೇಬ್ರ, ನಮ್ಮ ಹಾಜರಿ ಹಾಕ್ಕೊಂಡ್ರಿ?"

ನಾನು ನಗುತ್ತಿರಲಿಲ್ಲ. ನನ್ನ ಪುಸ್ತಕದಲ್ಲಿ ಅಂಕಗಳ ಪಕ್ಕಕ್ಕೆ ಬೇರೆ ಕಾಲಂಗಳೂ ಇದ್ದವು: ಅಕ್ಟೋಬರ್ 3ರ ಆ ಕ್ವಾರ್ಟರ್‌ಬ್ಯಾಕ್ ಎಷ್ಟು ಗಂಟೆಗೆ ಬಂದ, ಎಷ್ಟು ಎಸೆದ, ಯಾವ ಕೈಯಲ್ಲಿ ಎಸೆದ, ಮೇಲಂಗಿ ಪ್ಯಾಂಟಿನೊಳಗೆ ಸಿಕ್ಕಿಸಿದ್ದನೇ ಇಲ್ಲವೇ. ಅಂಗಿ ಹೊರಗೆ ಬಿಟ್ಟರೆ ಪಟ್ಟಿ ಮುಚ್ಚಿಹೋಗುತ್ತದೆ, ಐದು ಗಜದ ದಂಡ. ಅಕ್ಟೋಬರ್ 31ರಂದು ಎರಡನೆಯ ಸಲ ಅವರ ಜೊತೆ ಆಡಿ ನಾವು 18–19ರಿಂದ ಸೋತೆವು. ಅಂದು ಎರಡು ಸಲ ಅವನ ಅಂಗಿ ಹೊರಗಿತ್ತು, ನಾನು ರೆಫರಿಯ ಗಮನಕ್ಕೆ ತಂದೆ. ಹತ್ತು ಗಜ. ಅದು ನನಗೆ ಸಾಲಲಿಲ್ಲ.

ನವೆಂಬರಿನಲ್ಲಿ ದಾರಿ ತಾನಾಗಿ ತೆರೆಯಿತು, ಅದೂ ಯಕ್ಷಗಾನದಿಂದ.

ನಮ್ಮ ಊರಿನವರ ಸಂಘ ಡಿಸೆಂಬರ್ ಕೊನೆಗೆ ಒಂದು ಯಕ್ಷಗಾನ ಇಟ್ಟುಕೊಂಡಿತ್ತು. ಕಲಿಸುವ ಗುರುಗಳು ವಿಸಿಟ್ ವೀಸಾದ ಮೇಲೆ ಊರಿನಿಂದ ಬಂದಿದ್ದರು. ಎಲ್ಲರಿಗೂ ರಜೆ ಇರುವುದು ಶುಕ್ರವಾರ, ಹಾಗಾಗಿ ಅಭ್ಯಾಸವೂ ಶುಕ್ರವಾರ ಸಂಜೆ. ಕ್ವಾರ್ಟರ್‌ಬ್ಯಾಕ್‌ಗೆ ಮೊದಲ ಬಾರಿ ದೊಡ್ಡ ಪುಂಡುವೇಷ ಸಿಕ್ಕಿತ್ತು. ಕುಣಿದು ಕುಣಿದು ರಂಗವನ್ನೇ ತುಂಬಿಸಬೇಕಾದ ಎಳೆಯ ವೀರನ ವೇಷ. ಗುರುಗಳು ಗೈರುಹಾಜರಿ ಸಹಿಸುವವರಲ್ಲ, ಎರಡು ಸಲ ತಪ್ಪಿಸಿದರೆ ವೇಷ ಬೇರೆಯವರಿಗೆ. ಅವನ ತಂಡದ ಕೋಚ್ ಕೂಡ ಅಂಥವರೇ. ಅವನಿಗೆ ಎರಡೂ ಬೇಕಿತ್ತು.

ನವೆಂಬರ್ 7, ಸಂಜೆ 4.50. ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡ ಒಬ್ಬ ಅವನ ಅಂಗಿ ತೊಟ್ಟು ಅವನ ಕಾರ್ಡು ಮುಂದಿಟ್ಟ. ಕಾರ್ಡಿನ ಮೇಲಿನ ಫೋಟೊ ಅಂಚೆಚೀಟಿಯಷ್ಟು. ಮುಖದಲ್ಲಿ ಹೋಲಿಕೆ ಇತ್ತು, ಇರಲೇಬೇಕು, ಅವನ ಚಿಕ್ಕಪ್ಪನ ಮಗ. ಆದರೆ ಸಹಿ ಹಾಕಿದ್ದು ಎಡಗೈಯಲ್ಲಿ. ನಾನು ಕಾರ್ಡು ನೋಡಿದೆ, ಕೈ ನೋಡಿದೆ, ಕಾರ್ಡು ತಿರುಗಿಸಿ ಕೊಟ್ಟೆ. ಅಂದಿನ ಇಪ್ಪತ್ತನಾಲ್ಕು ಎಸೆತಗಳೂ ಎಡಗೈಯಿಂದ. ಅವರ ತಂಡದವರೂ ಕೋಚೂ ಕಂಡೂ ಕಾಣದಂತಿದ್ದರು, ಎಸೆತ ಸರಿಯಾಗಿ ಬಿದ್ದರೆ ಅವರಿಗೆ ಸಾಕಿತ್ತು.

5.22ಕ್ಕೆ ನನ್ನ ಫೋನು ಕಂಪಿಸಿತು. ಅಭ್ಯಾಸದ ಹಾಲ್‌ನಲ್ಲಿ ಚಹಾದ ಉಸ್ತುವಾರಿ ಅಪ್ಪನದು, ಫೋಟೊ ತೆಗೆದು ಸಂಘದ ಗ್ರೂಪಿಗೆ ಹಾಕುವುದೂ ಅಪ್ಪನೇ. ಗೆಜ್ಜೆ ಕಟ್ಟಿಕೊಂಡು, ಎರಡು ಕೈ ಚಾಚಿ, ಬೆವರಿ ನಿಂತ ಕ್ವಾರ್ಟರ್‌ಬ್ಯಾಕ್. ಕೆಳಗೆ ಅಪ್ಪ ಬರೆದಿದ್ದರು, ಹುಡುಗನ ಕಾಲಿನಲ್ಲಿ ಈಗ ತಾಳ ಕೂತಿದೆ.

ಫುಟ್‌ಬಾಲಿನವರು ಯಕ್ಷಗಾನದ ಗ್ರೂಪ್ ನೋಡುವುದಿಲ್ಲ, ಯಕ್ಷಗಾನದವರು ಫುಟ್‌ಬಾಲ್ ನೋಡುವುದಿಲ್ಲ ಎಂದು ಅವನು ಅಂದುಕೊಂಡಿರಬೇಕು. ಎರಡನ್ನೂ ನೋಡುವವನು ಒಬ್ಬ ಮೇಜಿನ ಹಿಂದೆ ಕುಳಿತಿದ್ದ.

ರೂಲ್ ಪುಸ್ತಕದಲ್ಲಿ ಸ್ಪಷ್ಟವಾಗಿದೆ: ತನ್ನ ಕಾರ್ಡಿನಲ್ಲಿ ಬೇರೆಯವರನ್ನು ಆಡಿಸಿದವನು ಆ ಋತುವಿನ ಉಳಿದ ಎಲ್ಲ ಆಟಗಳಿಂದ ಹೊರಗೆ. ಆಡಿ ಮುಗಿದ ಆಟದ ಫಲಿತಾಂಶ ಬದಲಾಗುವುದಿಲ್ಲ. ಅಂದೇ ಹೇಳಬಹುದಿತ್ತು, ಹೇಳಬೇಕಾಗಿತ್ತು. ಆದರೆ ಅಂದು ಹೇಳಿದ್ದರೆ ಖಾಲಿ ಮೈದಾನದಲ್ಲಿ, ಅವನಿಲ್ಲದಾಗ ಹೇಳಿದಂತೆ. ನನಗೆ ಅವನು ಅಂಗಿ ತೊಟ್ಟು, ಪಟ್ಟಿ ಕಟ್ಟಿ, ಲೇಸು ಬಿಗಿದು ಎದುರಿಗೆ ನಿಂತಿರಬೇಕಿತ್ತು. ನವೆಂಬರ್ 21ರಂದು ಅದೇ ಟೋಪಿ ಬಂತು, 28ರಂದು ಮತ್ತೆ ಬಂತು. ಪ್ರತಿ ಸಲ ಕಾರ್ಡು ನೋಡಿ, ಎಡಗೈ ಸಹಿ ಹಾಕಿಸಿಕೊಂಡು, ಕೊನೆಗೆ ಹಾಳೆಗೆ ನನ್ನ ಸಹಿ ಹಾಕಿದೆ. ಮೂರು ಆಟ, ಎಪ್ಪತ್ತೊಂದು ಎಡಗೈ ಎಸೆತ, ಅಪ್ಪನ ಮೂರು ಫೋಟೊ. ಆ ಮೂರು ವಾರ ನಾನು ಎಷ್ಟು ಖುಷಿಯಾಗಿದ್ದೆನೆಂದರೆ, ಅಮ್ಮ ಎರಡು ಸಲ ಕಾರಣ ಕೇಳಿದರು.

ಡಿಸೆಂಬರ್ 5ಕ್ಕೆ ಲೀಗ್ ಮುಗಿಯಿತು. ಅವರು ಏಳು ಗೆಲುವು, ನಾವು ಆರು. ಫೈನಲ್ ನಮ್ಮಿಬ್ಬರಿಗೇ.

ಡಿಸೆಂಬರ್ 12. ಮಧ್ಯಾಹ್ನವೇ ಚಳಿಗಾಳಿ ಎದ್ದಿತ್ತು. ಬೇಲಿಯ ಉದ್ದಕ್ಕೂ ಮನೆಯವರು ಕುರ್ಚಿ ಹಾಕಿಕೊಂಡಿದ್ದರು, ಅವನ ಅಮ್ಮ ಫ್ಲಾಸ್ಕಿನಲ್ಲಿ ಚಹಾ ತಂದಿದ್ದರು. 4.35ಕ್ಕೆ ಅವನು ಮೇಜಿಗೆ ಬಂದು ಕಾರ್ಡು ಇಟ್ಟು ಬಲಗೈಯಲ್ಲಿ ಸಹಿ ಹಾಕಿದ. ನಾನು ಹಳೆಯ ಮೂರು ಹಾಳೆ, ಮೂರು ಫೋಟೊದ ಪ್ರಿಂಟು, ನನ್ನ ಪುಸ್ತಕ, ಎಲ್ಲವನ್ನೂ ಸಂಚಾಲಕರ ಮುಂದೆ ಜೋಡಿಸಿದೆ. ಅವರು ಲೆಬನಾನಿನ ಬೈರುತ್‌ನವರು, ಅವಸರದ ಮನುಷ್ಯ. ಆದರೂ ಒಂದೊಂದು ಹಾಳೆಯನ್ನೂ ಎರಡೆರಡು ಸಲ ನೋಡಿದರು. ಅವನನ್ನು ಕರೆದು ಫೋಟೊ ತೋರಿಸಿದರು. ಅವನು ಇಲ್ಲ ಎನ್ನಲಿಲ್ಲ. "ಖಲಾಸ್" ಎಂದರು ಸಂಚಾಲಕರು, ಕಾರ್ಡನ್ನು ತಮ್ಮ ಜೇಬಿಗೆ ಹಾಕಿಕೊಂಡರು.

ಅವನು ಪಟ್ಟಿ ಬಿಚ್ಚಿ, ಬೇಲಿ ದಾಟಿ, ಅಮ್ಮನ ಪಕ್ಕದಲ್ಲಿ ಕುಳಿತುಕೊಳ್ಳಲು ತಗಲಿದ್ದು ನಾಲ್ಕು ನಿಮಿಷ. ನಾನು ಆ ನಾಲ್ಕು ನಿಮಿಷವನ್ನು ಪೂರ್ತಿ ನೋಡಿದೆ. ಸುಳ್ಳು ಬರೆಯುವುದಿಲ್ಲ, ತುಂಬ ಸಮಾಧಾನವಾಯಿತು.

ಆಮೇಲೆ ಸಂಚಾಲಕರು ನನ್ನ ಕಡೆ ತಿರುಗಿದರು. ನಿನಗೆ ಮೊದಲು ಗೊತ್ತಾದದ್ದು ಯಾವಾಗ ಎಂದು ಕೇಳಿದರು. ಪುಸ್ತಕ ತೆರೆದೇ ಇತ್ತು, ನವೆಂಬರ್ 7, 4.50 ಎಂದು ನನ್ನದೇ ಅಕ್ಷರ. ಹಾಗಾದರೆ ಮೂರು ಹಾಳೆಗೆ ಗೊತ್ತಿದ್ದೂ ಸಹಿ ಹಾಕಿದ್ದೀಯ ಎಂದರು. ಹೌದು ಎಂದೆ. ಈ ಫೈನಲ್ ಬರೆದು ಮುಗಿಸು, ಬರುವ ವರ್ಷ ಮೇಜೂ ಇಲ್ಲ, ಆಟವೂ ಇಲ್ಲ ಎಂದರು. ಬರುವ ವರ್ಷ ನನ್ನ ಕೊನೆಯ ವರ್ಷ. ಇಕಾಮಾ ಸರಿಯಾಗಿದೆ, ಕಾಲು ಸರಿಯಾಗಿದೆ. ಸೇಡಿನ ಲೆಕ್ಕದಲ್ಲಿ ಈ ಒಂದು ಸಾಲನ್ನು ನಾನು ಹಾಕಿಕೊಂಡಿರಲಿಲ್ಲ.

ನಮ್ಮ ತಂಡ 26–6ರಿಂದ ಗೆದ್ದಿತು. ಅವರ ಬದಲಿ ಹುಡುಗನ ಎಸೆತಗಳಲ್ಲಿ ಐದು ನಮ್ಮವರ ಕೈಗೇ ಬಿದ್ದವು. ಕಪ್ ಹಿಡಿದು ಎಲ್ಲರೂ ಫೋಟೊಗೆ ನಿಂತಾಗ ವಿಜಯಪುರದ ಗೆಳೆಯ ಮಾತ್ರ ಮೇಜಿನ ಹತ್ತಿರ ಬಂದ. ಅವತ್ತು ತಹಶೀಲ್ದಾರ್ ಎನ್ನಲಿಲ್ಲ.

"ಅವನ ಪಟ್ಟಿ ನಾನ ಕೀಳಬೇಕಂತ ಎರಡೂವರೆ ತಿಂಗಳ ಓಡೀನಿ. ನೀ ಕಾಗದದಾಗ ಕಿತ್ತಿ. ಈ ಕಪ್ ತಗೊಂಡು ನಾ ಏನ್ ಮಾಡ್ಲಿ, ಹೇಳು?"

ಎರಡು ಸಲ ಅವನಿಂದ ಸೋತದ್ದು ಮರೆತೆಯಾ ಎಂದು ಕೇಳಿದೆ. ಮರೆತಿಲ್ಲ, ಅದಕ್ಕೇ ಹೇಳಿದ್ದು ಎಂದು ಹೊರಟುಹೋದ.

ನಾನು ಹಾಳೆಗಳನ್ನು ಕ್ಲಿಪ್ಪಿಗೆ ಹಾಕುತ್ತಿದ್ದಾಗ ಕ್ವಾರ್ಟರ್‌ಬ್ಯಾಕ್ ಬಂದ. ಜಗಳಕ್ಕೆ ಬಂದನೆಂದು ಎದ್ದು ನಿಂತೆ. ಅವನು ಕೇಳಿದ್ದು ಒಂದೇ, ಇಷ್ಟು ಸಿಟ್ಟು ಯಾಕೆ ಎಂದು. ಅಕ್ಟೋಬರ್ 3ರ ಚೀಟಿ ಎಂದೆ. ಅವನು ನಿಜವಾಗಿಯೂ ಒಂದು ಕ್ಷಣ ನೆನಪು ಮಾಡಿಕೊಂಡ.

"ಅದು ನಾನು ಕೊಟ್ಟದ್ದು ಅಂತ ಗ್ರಹಿಸಿದ್ಯಾ? ನಂಗೆ ನಿನ್ನ ಇಕಾಮಾದ ಸುದ್ದಿಯೇ ಗೊತ್ತಿರ್ಲಿಲ್ಲ. ರೆಫ್ರಿ ನಿನ್ನನ್ನು ತಡೆದದ್ದು ನೋಡಿ ಎಂತ ಆಯ್ತು ಅಂತ ಬಂದದ್ದು ಮಾರಾಯ."

"ಮತ್ತೆ ರೂಲ್ ಅಂದ್ರೆ ರೂಲ್ ಅಂದದ್ದು?"

"ಮತ್ತೆಂತ ಹೇಳ್ಬೇಕಿತ್ತು? ನೀನು ಅಳುವ ಹಾಗೆ ಇದ್ದಿ."

ಅವನು ಸುಳ್ಳು ಹೇಳುತ್ತಿರಬಹುದು. ಸೋತವನಿಗೆ ಸುಳ್ಳು ಸುಲಭ. ಮನೆಗೆ ಬಂದು ಅಕ್ಟೋಬರ್ 3ರ ಪುಟ ತೆಗೆದೆ. "4.40: ಅವನು ಚೀಟಿ ಕೊಟ್ಟ" ಎಂದು ಬರೆದಿದ್ದೇನೆ. ಅದರ ಮೇಲಿನ ಸಾಲು "4.36: ನೀರಿಗೆ ಹೋದೆ". ನೀರಿನ ಕೂಲರ್ ಇರುವುದು ಕಟ್ಟಡದ ಹಿಂದೆ, ಅಲ್ಲಿಂದ ಮೈದಾನ ಕಾಣುವುದಿಲ್ಲ. ಕಾಣದ್ದನ್ನು ಕಂಡಂತೆ ನಾನು ಬರೆದ ಸಾಲು, ಹುಡುಕಿದ ಮಟ್ಟಿಗೆ, ಇದೊಂದೇ. ಇಕಾಮಾದ ವಿಷಯ ಯಾರ ಹತ್ತಿರ ಹೇಳಿದ್ದು ಎಂದು ಅಮ್ಮನನ್ನು ಮತ್ತೆ ಕೇಳಿದೆ. ಕ್ಲಿನಿಕ್‌ನ ಊಟದ ಕೋಣೆಯಲ್ಲಿ ಹೇಳಿದ್ದು, ಅಲ್ಲಿ ಇನ್ನೂ ಇಬ್ಬರೋ ಮೂವರೋ ಇದ್ದರು ಎಂದರು. ಅಪ್ಪ ಸಂಘದ ಗ್ರೂಪಿಗೆ ಫೋಟೊ ಹಾಕುವುದನ್ನು ನಿಲ್ಲಿಸಿದ್ದಾರೆ, ನನ್ನ ಜೊತೆ ಮಾತೂ ಕಡಿಮೆ.

ಸಿಟ್ಟು ಮಾತ್ರ ಹೋಗಿಲ್ಲ. ಅದಕ್ಕೆ ಸರಿಯಾದ ವಿಳಾಸ ಬೇಕಷ್ಟೇ. ಅಕ್ಟೋಬರ್ 3ರ ಸಂಜೆ 4.36ರಿಂದ 4.40ರ ನಡುವೆ ಮೈದಾನದ ಬಳಿ ಇದ್ದವರು ಈ ಬರಹ ಓದುತ್ತಿದ್ದರೆ, ರೆಫರಿಯ ಕೈಗೆ ಚೀಟಿ ಕೊಟ್ಟದ್ದು ಯಾರೆಂದು ನೋಡಿದ್ದರೆ, ದಯವಿಟ್ಟು ಇದು ಅಚ್ಚಾದ ಪತ್ರಿಕೆಯ ಮೂಲಕ ನನಗೆ ಬರೆಯಿರಿ. ರೆಫರಿ ಬಿಚ್ಚಿ ತೋರಿಸಿದ ಆ ಚೀಟಿ ಹಳದಿ ಗೆರೆ ಹಾಳೆಯದು, ನೀಲಿ ಶಾಯಿ, ಎಲ್ಲವೂ ಇಂಗ್ಲಿಷಿನ ದೊಡ್ಡಕ್ಷರ. ಅವನೇ ಆಗಿದ್ದರೂ ಬರೆಯಿರಿ. ನೀವು ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಿರಿ, ಎಲ್ಲಿ ನಿಂತು ನೋಡಿದಿರಿ ಎಂಬುದನ್ನೂ ಸೇರಿಸಿ.